ಗಾಳಕ್ಕೆ ಎಷ್ಟು ದುಡ್ಡು ಸುರಿಯೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹವ್ಯಾಸಗಳ ಬಗ್ಗೆ ಏನಾದ್ರೂ ಕೇಳಿ ಅಂದಿದ್ದೇ ತಡ, ಬಂದ ಪತ್ರಗಳಲ್ಲಿ ಗಾಳ ಹಾಕೋರದ್ದೇ ಜಾಸ್ತಿ. ಸುತ್ತಿ ಬಳಸಿ ಎಲ್ಲರೂ ಕೇಳಿರೋದು ಒಂದೇ, ಕಾಸ್ಟ್ಲಿ ಸಾಮಾನು ತಗೊಂಡ್ರೆ ಪ್ರಯೋಜನ ಇದ್ಯಾ ಅಂತ. ಜಾಗ ಇದ್ದಷ್ಟಕ್ಕೆ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಸಾರ್, ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, ಊರು ಹಾಸನದ ಕಡೆ. ಚಿಕ್ಕೋನಿದ್ದಾಗ ಅಜ್ಜನ ಜೊತೆ ಕೆರೆಲಿ ಬಿದಿರು ಕೋಲಲ್ಲಿ ಗಾಳ ಹಾಕಿದ್ದು ಬಿಟ್ರೆ ಅನುಭವ ಇಲ್ಲ. ಈಗ ವಿಡಿಯೋ ನೋಡಿ ನೋಡಿ ಹುಚ್ಚು ಹತ್ತಿದೆ. ಕಾರ್ಬನ್ ರಾಡು, ಜಪಾನ್ ಕಂಪನಿ ರೀಲು, ಬ್ರೇಡ್ ದಾರ (ಎಳೆ ಎಳೆ ಹೆಣೆದಿದ್ದು), ಒಂದು ಡಬ್ಬ ಲೂರ್ (ಮೀನನ್ನ ಮರುಳು ಮಾಡೋ ನಕಲಿ ಎರೆ), ಎಲ್ಲಾ ಸೇರಿ 28,000 ಆಗ್ತಿದೆ, ಕಾರ್ಟಲ್ಲಿ ಇಟ್ಟಿದೀನಿ. ಒತ್ಲಾ ಬೇಡ್ವಾ? ಕಮ್ಮಿ ದುಡ್ಡಿಂದು ತಗೊಂಡ್ರೆ ಆಮೇಲೆ ಮತ್ತೆ ಎರಡನೇ ಸಲ ಖರ್ಚು ಅಂತ ಫ್ರೆಂಡ್ಸ್ ಹೇಳ್ತಾರೆ. (ಓದುಗರು, ಬೆಂಗಳೂರು)

ಉತ್ತರ: ಒತ್ಬೇಡಿ. ಕಾರ್ಟಲ್ಲೇ ಇರ್ಲಿ, ಹಳಸೋ ವಸ್ತು ಅಲ್ಲ ಅದು.

ಹಾಗಂತ ದುಬಾರಿ ಸಾಮಾನೆಲ್ಲಾ ಮೋಸ ಅಂತ ನಾನು ಹೇಳಲ್ಲ. ಕಾರ್ಬನ್ ರಾಡು ಹಗುರ, ಗಟ್ಟಿಯಾಗಿ ನಿಲ್ಲುತ್ತೆ, ಮೀನು ಸುಮ್ನೆ ಮೂತಿ ತಾಗಿಸಿದ್ರೂ ಕೈಗೆ ಗೊತ್ತಾಗುತ್ತೆ. ಒಳ್ಳೆ ರೀಲಲ್ಲಿ ಡ್ರ್ಯಾಗ್ ಚೆನ್ನಾಗಿರುತ್ತೆ, ಅಂದ್ರೆ ಮೀನು ಜೋರಾಗಿ ಎಳೆದಾಗ ದಾರ ತುಂಡಾಗದ ಹಾಗೆ ಸ್ವಲ್ಪ ಸ್ವಲ್ಪನೇ ಬಿಟ್ಟುಕೊಡೋ ಬ್ರೇಕು, ಅದು ಎಲ್ಲೂ ತಡೆದು ಜಗ್ಗದೆ ನುಣ್ಣಗೆ ಬಿಡುತ್ತೆ, ಅಗ್ಗದ ರೀಲಲ್ಲಿ ಅದು ಹಿಡಿದು ಹಿಡಿದು ಬಿಡುತ್ತೆ, ಆ ಹಿಡಿದ ಕ್ಷಣದಲ್ಲೇ ದಾರ ಪಟ್ ಅನ್ನೋದು. ಅಂದ್ರೆ ದುಡ್ಡಿಗೆ ತಕ್ಕ ಗುಣ ಇದೆ. ಆದ್ರೆ ಆ ಗುಣ ಯಾರಿಗೆ ಬೇಕು? ಬೆಳಗ್ಗಿಂದ ಸಂಜೆ ತನಕ ನಿಂತ್ಕೊಂಡು ಲೂರ್ ಎಸೀತಾ ಎಳೀತಾ ಇರೋರಿಗೆ ಬೇಕು, ಅವರಿಗೆ ರಾಡಿನ ತೂಕ ಸಂಜೆ ಹೊತ್ತಿಗೆ ಭುಜದಲ್ಲಿ ಲೆಕ್ಕ ಕೇಳುತ್ತೆ. ನೀವು ಕೆರೆ ಏರಿ ಮೇಲೆ ಕೂತು, ಎರೆಹುಳನೋ ರಾಗಿಹಿಟ್ಟಿನ ಉಂಡೆನೋ ಸಿಕ್ಕಿಸಿ, ಬೆಂಡು ಯಾವಾಗ ಮುಳುಗುತ್ತೆ ಅಂತ ಕಾಯೋರಾದ್ರೆ ರಾಡು ಮುಕ್ಕಾಲು ಹೊತ್ತು ಕವೆಕೋಲಿನ ಮೇಲೆ ಮಲಗಿರುತ್ತೆ, ಅದು 80 ಗ್ರಾಂ ಕಮ್ಮಿ ತೂಗಿದ್ರೆ ಖುಷಿ ಪಡೋದು ಆ ಕವೆಕೋಲು ಅಷ್ಟೆ.

ಇನ್ನೊಂದು ವಿಷ್ಯ ನೆನಪಿಸ್ತೀನಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನ ಗೊತ್ತಲ್ಲ, ಹುಲಿ ಚಿರತೆ ಚರ್ಮಕ್ಕೆ ಜೀವಕಳೆ ತುಂಬ್ತಿದ್ದೋರು, ಆ ಮನೆಯ ಡಿವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿ ನದೀಲಿ ಗಾಳಕ್ಕೆ ಹಿಡಿದ ಮಹಶೀರ್ ಮೀನಿನ ತೂಕ 120 ಪೌಂಡು, ಅಂದ್ರೆ ಸುಮಾರು 54 ಕೆಜಿ. ಆಗ ಕಾರ್ಬನ್ ರಾಡು ಅನ್ನೋದೇ ಹುಟ್ಟಿರಲಿಲ್ಲ, ಅದು ಬಂದಿದ್ದು 1970ರ ದಶಕದಲ್ಲಿ. ಆಮೇಲೆ ಕಾವೇರಿ ದಂಡೆಗೆ ಲಕ್ಷಗಟ್ಟಲೆ ಸಾಮಾನು ಹೊತ್ಕೊಂಡು ವಿದೇಶದಿಂದ ಬರ್ತಿದ್ದೋರ ಗಾಳದ ತುದೀಲೂ ಇರ್ತಿದ್ದಿದ್ದು ನಮ್ಮ ಊರ ಗೈಡ್‌ಗಳು ಬೇಯಿಸಿ ಉಂಡೆ ಕಟ್ಟಿದ ರಾಗಿನೇ. (ಆಸೆ ಪಡ್ಬೇಡಿ, ಕಾವೇರಿಯ ಆ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಐಯುಸಿಎನ್ ಅನ್ನೋ ಜಾಗತಿಕ ಸಂರಕ್ಷಣಾ ಸಂಸ್ಥೆಯ ಪಟ್ಟೀಲಿ ಅಳಿವಿನ ಅಂಚಲ್ಲಿರೋ ಮೀನು, ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ನಿಂತು ವರ್ಷಗಳೇ ಆಯ್ತು. ಭೀಮೇಶ್ವರಿ, ಗಾಳಿಬೋರೆಗೆ ಹೋದ್ರೆ ನೀರು ನೋಡ್ಕೊಂಡು ಬನ್ನಿ.)

ಈಗ ದುಡ್ಡು ಎಲ್ಲಿ ಹಾಕ್ಬೇಕು ಅಂತ ಹೇಳ್ತೀನಿ, ನನ್ನ ಲೆಕ್ಕ ಸಿಂಪಲ್ಲು: ಮೀನಿಗೆ ತಾಗೋ ಕಡೆಯಿಂದ ಶುರು ಮಾಡಿ ನಿಮ್ಮ ಕೈ ಕಡೆಗೆ ಬನ್ನಿ. ಮೀನಿನ ಬಾಯಿಗೆ ತಾಗೋದು ಹುಕ್ಕು, ಆಮೇಲೆ ಗಂಟು, ಆಮೇಲೆ ದಾರ, ಆಮೇಲೆ ರೀಲು, ಕೊನೇಲಿ ರಾಡು. ನಮ್ಮ ಜನ ಇದನ್ನ ಪೂರ್ತಿ ಉಲ್ಟಾ ಮಾಡ್ತಾರೆ, ರಾಡಿಗೆ ಹತ್ತು ಸಾವಿರ ಕೊಟ್ಟು ಬಂದು ಸಂತೆಲಿ ಸಿಗೋ ತುಕ್ಕು ಹಿಡಿದ ಹುಕ್ಕು ಕಟ್ತಾರೆ. ಒಳ್ಳೆ ಕಂಪನಿ ಹುಕ್ಕು ಒಂದು ಪ್ಯಾಕೆಟ್ಟಿಗೆ ನೂರು ಇನ್ನೂರು ರೂಪಾಯಿ ಅಷ್ಟೆ. ನಾರ್ವೇಲಿ ಹುಟ್ಟಿದ ಮಸ್ಟಡ್ ಅನ್ನೋ ಕಂಪನಿ 19ನೇ ಶತಮಾನದಿಂದ ಇದೇ ಕೆಲಸ ಮಾಡ್ತಿದೆ, ಅದೇ ಆಗ್ಬೇಕು ಅಂತೇನಿಲ್ಲ, ಚೂಪಿರ್ಬೇಕು. ಹುಕ್ಕಿನ ಮೊನೆನ ಹೆಬ್ಬೆರಳಿನ ಉಗುರ ಮೇಲೆ ಮೆಲ್ಲಗೆ ಎಳೆದು ನೋಡಿ, ಗೀರಿ ಕಚ್ಕೊಂಡ್ರೆ ಚೂಪು, ಜಾರಿದ್ರೆ ಬಿಸಾಕಿ. ನಂಬರ್ ನೋಡಿ ಮೋಸ ಹೋಗ್ಬೇಡಿ, ಅದು ತಲೆಕೆಳಗು, 10 ಅನ್ನೋದು 6ಕ್ಕಿಂತ ಚಿಕ್ಕದು, 1 ಆದ್ಮೇಲೆ 1/0, 2/0 ಅಂತ ದೊಡ್ಡದಾಗ್ತಾ ಹೋಗುತ್ತೆ. ಜಿಲೇಬಿ ಮೀನಿಗೆ 8 ಅಥವಾ 10 ಸಾಕು.

ಗಂಟಿಗೆ ದುಡ್ಡೇ ಬೇಡ, ಎಂಜಲು ಸಾಕು. ನೈಲಾನ್ ದಾರದ ಗಂಟನ್ನ ಒಣದಲ್ಲಿ ಬಿಗಿದ್ರೆ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳ್ಕೊಳ್ಳುತ್ತೆ, ಬಾಯಲ್ಲಿ ಒದ್ದೆ ಮಾಡಿ ಬಿಗಿರಿ. ದೊಡ್ಡ ಮೀನು ತಪ್ಪಿಸ್ಕೊಂಡು ಹೋಯ್ತು ಅನ್ನೋ ಕತೆಗಳಲ್ಲಿ ದಾರದ ತುದಿ ಗುಂಗುರು ಕೂದಲ ತರ ಸುರುಳಿಯಾಗಿ ವಾಪಸ್ ಬಂದಿತ್ತಾ ಅಂತ ಕೇಳಿ ನೋಡಿ, ಹಾಗಿದ್ರೆ ಗಂಟು ಬಿಚ್ಕೊಂಡಿದೆ ಅಂತ ಅರ್ಥ, ಅದಕ್ಕೆ ಯಾವ ಜಪಾನ್ ರೀಲೂ ಏನೂ ಮಾಡಕ್ಕಾಗಲ್ಲ.

ದಾರದಲ್ಲಿ ಬ್ರೇಡ್ ಈಗಲೇ ಬೇಡ. ಅದು ತೆಳು, ಬಲ ಜಾಸ್ತಿ, ಒಂಚೂರೂ ಹಿಗ್ಗಲ್ಲ, ಅದಕ್ಕೇ ಹೊಸಬರಿಗೆ ಕಷ್ಟ, ಎಳೆದ ತಕ್ಷಣ ಮೀನಿನ ಬಾಯಿ ಹರಿದು ಬರುತ್ತೆ, ಸಿಕ್ಕಾದ್ರೆ ಬಿಡಿಸೋದ್ರಲ್ಲಿ ಸಂಜೆ ಆಗುತ್ತೆ, ಬೆರಳಿಗೆ ಸುತ್ಕೊಂಡು ಎಳೆದ್ರೆ ಚರ್ಮ ಕೊಯ್ದು ಹಾಕುತ್ತೆ. 0.30 ಮಿ.ಮೀ. ಸಾದಾ ನೈಲಾನ್ ದಾರ, ನಮ್ಮೋರು ತಂಗೂಸಿ ಅಂತಾರಲ್ಲ ಅದೇ, ಹಿಗ್ಗಿ ಮೀನಿನ ಒದೆನ ತಡ್ಕೊಳ್ಳುತ್ತೆ. ಆದ್ರೆ ಬಿಸಿಲಿಗೆ ಕೆಡುತ್ತೆ, ಹಾಗಾಗಿ ದುಬಾರಿದು ತಗೊಂಡು ಮೂರು ವರ್ಷ ಇಡೋ ಬದಲು ಮಧ್ಯಮದ್ದು ತಗೊಂಡು ವರ್ಷಕ್ಕೊಂದ್ಸಲ ಬದಲಾಯ್ಸಿ. ಡ್ರ್ಯಾಗನ್ನ ದಾರ ತಡೆಯೋ ತೂಕದ ಕಾಲು ಭಾಗಕ್ಕೆ ಸೆಟ್ ಮಾಡಿ, ಅಂದ್ರೆ 6 ಕೆಜಿ ದಾರಕ್ಕೆ ಒಂದೂವರೆ ಕೆಜಿ ಎಳೆತಕ್ಕೆ ಬಿಟ್ಕೊಡ್ಬೇಕು, ಮನೇಲಿರೋ ಲಗೇಜ್ ತೂಕದ ಕೊಕ್ಕೆ ಕಟ್ಟಿ ನೋಡಿದ್ರೆ ಗೊತ್ತಾಗುತ್ತೆ.

ರೀಲಲ್ಲಿ ಎಷ್ಟು ಬೇರಿಂಗ್ ಇದೆ ಅನ್ನೋದನ್ನ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರ್ತಾರೆ, 13+1 ಅಂತೆಲ್ಲಾ. ಅದು ಲೆಕ್ಕಕ್ಕಿಲ್ಲ, ನಾಲ್ಕೇ ಒಳ್ಳೆ ಬೇರಿಂಗ್ ಇರೋ ರೀಲು ಹದಿಮೂರು ಕಳಪೆ ಬೇರಿಂಗಿನದ್ದಕ್ಕಿಂತ ಚೆನ್ನಾಗಿ ತಿರುಗುತ್ತೆ. ಶಿಮಾನೊ ಹೆಸರು ಸೈಕಲ್ ಗೇರಿಂದ ನಿಮಗೆ ಗೊತ್ತಿರುತ್ತೆ, 1921ರಲ್ಲಿ ಜಪಾನಿನ ಸಕಾಯಲ್ಲಿ ಸೈಕಲ್ ಭಾಗ ಮಾಡೋಕೆ ಶುರು ಮಾಡಿದ ಕಂಪನಿ, ರೀಲಿಗೆ ಕೈ ಹಾಕಿದ್ದು ಆಮೇಲೆ. ಅವರದ್ದೇ 50,000 ದಾಟೋ ರೀಲೂ ಇದೆ, ಎರಡು ಸಾವಿರದ ಆಸುಪಾಸಿಂದೂ ಇದೆ. ನಿಮಗೆ ಎರಡನೇದು ಸಾಕು. ಅದಕ್ಕೊಂದು ಏಳಡಿ ಫೈಬರ್‌ಗ್ಲಾಸ್ ಅಥವಾ ಕಾಂಪೋಸಿಟ್ (ಗ್ಲಾಸ್, ಕಾರ್ಬನ್ ಎರಡೂ ಬೆರೆಸಿದ) ರಾಡು. ಕಾರ್ಬನ್ ಕಲ್ಲಿಗೆ ತಾಗಿ ಒಂದು ಸಣ್ಣ ಪೆಟ್ಟು ತಿಂದ್ರೂ ಆಮೇಲೆ ಯಾವತ್ತೋ ಮೀನು ಎಳೆಯೋವಾಗ ಅಲ್ಲೇ ಮುರಿಯುತ್ತೆ, ಗ್ಲಾಸ್ ರಾಡು ಬಸ್ಸಲ್ಲಿ ಯಾರೋ ತುಳಿದ್ರೂ ಬದುಕುತ್ತೆ. ಇನ್ನೊಂದು, ಕಾರ್ಬನ್ ಕರೆಂಟ್ ಹರಿಸುತ್ತೆ. ನಮ್ಮ ಕೆರೆ ಪಕ್ಕದಲ್ಲೆಲ್ಲಾ ಪಂಪ್‌ಸೆಟ್ ಲೈನು ಜೋತು ಬಿದ್ದಿರುತ್ತೆ, ಏರಿ ಮೇಲೆ ನಿಂತು ಹಿಂದೆ ಬೀಸಿ ಎಸೆಯೋ ಮುಂಚೆ ಒಂದ್ಸಲ ಮೇಲೆ ನೋಡಿ. ಗುಡುಗು ಬಂದ್ರೆ ಕೆಳಗಿಟ್ಟು ದೂರ ಹೋಗಿ.

ಹೀಗೆ ಎಲ್ಲಾ ಸೇರಿ 4,000 ರೂಪಾಯಿ ಆಸುಪಾಸಲ್ಲಿ ಮುಗಿಯುತ್ತೆ. ಉಳಿದಿದ್ರಲ್ಲಿ ಜಾರದ ಚಪ್ಪಲಿ ಅಥವಾ ಶೂ, ಒಂದು ಪೋಲರೈಸ್ಡ್ ಕನ್ನಡಕ, ತೆಪ್ಪನೋ ದೋಣಿನೋ ಹತ್ತೋ ಪ್ಲಾನ್ ಇದ್ರೆ ಲೈಫ್ ಜಾಕೆಟ್. ಕನ್ನಡಕ ಶೋಕಿಗಲ್ಲ, ನೀರ ಮೇಲಿನ ಹೊಳಪು ಕಟ್ಟಾಗಿ ಒಳಗೆ ಕಲ್ಲು, ಜೊಂಡು, ಮೀನು ಕಾಣುತ್ತೆ, ಹಾರಿ ಬಂದ ಹುಕ್ಕಿಂದ ಕಣ್ಣು ಉಳಿಯುತ್ತೆ. ನಿಜವಾಗ್ಲೂ ಪೋಲರೈಸ್ಡಾ ಅಂತ ನೋಡೋಕೆ ಲ್ಯಾಪ್‌ಟಾಪ್ ಸ್ಕ್ರೀನ್ ಮುಂದೆ ಹಿಡಿದು ತಿರುಗಿಸಿ, ಒಂದು ಕೋನದಲ್ಲಿ ಸ್ಕ್ರೀನ್ ಕಪ್ಪಾಗ್ಬೇಕು. ಐನೂರು ರೂಪಾಯಿದೂ ಈ ಪರೀಕ್ಷೆ ಪಾಸಾಗೋದುಂಟು.

ಫ್ರೆಂಡ್ಸ್ ಹೇಳಿದ ಎರಡನೇ ಸಲದ ಖರ್ಚಿಗೆ ಬರ್ತೀನಿ. ಹೌದು, ಹುಚ್ಚು ಇಳೀದೆ ಉಳಿದ್ರೆ ಎರಡನೇ ಸೆಟ್ ತಗೋತೀರ, ಆಗ ನಿಮಗೆ ಬೇಕಾಗಿರೋದು ಉದ್ದ ರಾಡಾ ಗಿಡ್ಡದ್ದಾ, ಲೂರಾ ಎರೆಹುಳನಾ ಅಂತ ಗೊತ್ತಿರುತ್ತೆ, ಹಳೇ ಸೆಟ್ಟನ್ನ ಜೊತೆಗೆ ಬರೋ ತಮ್ಮನಿಗೋ ಭಾವನಿಗೋ ಕೊಡ್ಬೋದು. ಈಗಲೇ 28,000 ಹಾಕಿದ್ರೆ ತಪ್ಪು ಜಾತಿ ರಾಡನ್ನ ದುಬಾರಿ ಕೊಟ್ಟು ತಗೊಂಡಂಗೆ ಆಗೋ ಚಾನ್ಸೇ ಜಾಸ್ತಿ. ಮತ್ತೆ ಕೆರೆಗೆ ಹೋಗೋ ಮುಂಚೆ ಊರಲ್ಲಿ ವಿಚಾರಿಸಿ, ಸುಮಾರು ಕೆರೆಗಳ ಮೀನು ಹಿಡಿಯೋ ಹಕ್ಕು ಸೊಸೈಟಿಗೋ ಗುತ್ತಿಗೆದಾರರಿಗೋ ಹೋಗಿರುತ್ತೆ, ಮರಿ ಬಿಟ್ಟು ಸಾಕಿರೋರು ಅವರು. ಕೇಳಿ ಹೋದ್ರೆ ಎಲ್ಲಿ ಆಳ, ಎಲ್ಲಿ ಮೀನು ಅಂತ ಅವರೇ ತೋರಿಸ್ತಾರೆ, ಆ ಮಾಹಿತಿ ಯಾವ ಅಂಗಡೀಲೂ ಸಿಗಲ್ಲ.

ಪ್ರಶ್ನೆ: ನಾವು ಗಂಗೊಳ್ಳಿ ಅಳಿವೆ ಹತ್ರ ಕಲ್ಲಿನ ಮೇಲೆ ನಿಂತು ಗಾಳ ಹಾಕುದು. ಎರಡು ಸಾವಿರದ ರೀಲು ಆರು ತಿಂಗಳಿಗೆ ಜಾಮ್ ಆಗ್ತದೆ. ಜಾಸ್ತಿ ದುಡ್ಡಿನದ್ದು ತೆಕೊಂಡ್ರೆ ಬಾಳಿಕೆ ಬರ್ತದಾ? (ಓದುಗರು, ಕುಂದಾಪುರ)

ಉತ್ತರ: ಬರ್ತದೆ. ಮೇಲಿನ ಬೆಂಗಳೂರಿನೋರಿಗೆ ಹೇಳಿದ್ದನ್ನ ನೀವು ಮರೆತುಬಿಡಿ, ಉಪ್ಪುನೀರಲ್ಲಿ ರೀಲಿಗೆ ಹಾಕಿದ ದುಡ್ಡು ವ್ಯರ್ಥ ಅಲ್ಲ. ಅಗ್ಗದ ರೀಲಿನ ಒಳಗೆ ನೀರು ತಡೆಯೋ ಸೀಲ್ ಇರಲ್ಲ, ಬೇರಿಂಗ್ ಸಾದಾ ಸ್ಟೀಲು, ಉಪ್ಪು ಒಳಗೆ ಹೋಗಿ ಒಣಗಿ ಕೂತ್ಕೊಳ್ಳುತ್ತೆ. ಐದಾರು ಸಾವಿರದ ಮೇಲೆ, ಉಪ್ಪುನೀರಿಗೆ ಅಂತಲೇ ಮಾಡಿದ, ಡ್ರ್ಯಾಗಿಗೆ ಸೀಲ್ ಇರೋದನ್ನ ನೋಡಿ, ರೀಲಿನ ಸೈಜ್ ನಂಬರ್ (ಬೆಲೆ ಅಲ್ಲ) 4000 ಅಥವಾ 5000 ಇರ್ಲಿ. ಕುರುಡಿ, ಕೆಂಬೇರಿ ಅಂಥಾ ಮೀನು ಗಾಳ ಕಚ್ಚಿದ ತಕ್ಷಣ ಕಲ್ಲಿನ ಸಂದಿಗೆ ನುಗ್ಗುತ್ತೆ, ಅಲ್ಲಿ ಡ್ರ್ಯಾಗ್ ಬಲ ಬೇಕೇ ಬೇಕು. ಬ್ರೇಡ್ ಹಾಕ್ತೀರಾದ್ರೆ ಮುಂದೆ ಒಂದು ಮಾರು ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್, ಅಂದ್ರೆ ದಾರಕ್ಕೂ ಹುಕ್ಕಿಗೂ ನಡುವಿನ ತುಂಡು, ಕಟ್ಟಿ, ಬ್ರೇಡ್ ಎಷ್ಟೇ ಗಟ್ಟಿಯಾದ್ರೂ ಚಿಪ್ಪು ಮೆತ್ತಿದ ಕಲ್ಲಿಗೆ ಉಜ್ಜಿದ್ರೆ ಹೋಯ್ತು.

ಆದ್ರೆ ಹೊಸದು ತಗೊಂಡು ಹಳೇ ಅಭ್ಯಾಸನೇ ಇಟ್ಕೊಂಡ್ರೆ ಅದೂ ಜಾಮ್ ಆಗ್ತದೆ, ಒಂದು ವರ್ಷ ತಡ ಆಗ್ಬೋದು. ಮನೆಗೆ ಬಂದ ತಕ್ಷಣ ಡ್ರ್ಯಾಗ್ ಬಿಗಿ ಮಾಡಿ, ಬಾವಿ ನೀರನ್ನ ಮೇಲಿಂದ ಮೆಲ್ಲಗೆ ಹೊಯ್ದು ತೊಳೀರಿ. ಪೈಪಲ್ಲಿ ಜೋರಾಗಿ ಹೊಡೀಬೇಡಿ, ಬಕೆಟ್ಟಲ್ಲಿ ಮುಳುಗಿಸಿ ಇಡಬೇಡಿ, ಎರಡರಿಂದಲೂ ಉಪ್ಪು ಹೊರಗೆ ಬರೋ ಬದಲು ಒಳಗೇ ಹೋಗ್ತದೆ. ಒರೆಸಿ ಒಣಗಿಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ, ಇಲ್ಲಾಂದ್ರೆ ಒಳಗಿನ ವಾಷರ್ ಒತ್ತಿ ಒತ್ತಿ ಚಪ್ಪಟೆ ಆಗಿಬಿಡ್ತದೆ. ಹೇಗೂ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ, ಆ ಮಳೆಗಾಲದ ಕಡಲಲ್ಲಿ ಕಲ್ಲಿನ ಮೇಲೆ ನಿಲ್ಲುದು ನಿಮಗೂ ಬೇಡ, ಆಗ ರೀಲು ಬಿಚ್ಚಿ ಗ್ರೀಸ್ ಹಾಕಿ ಇಟ್ಕೊಳ್ಳಿ.

ಪ್ರಶ್ನೆ: ಫಿಶ್ ಫೈಂಡರ್ ಅಂತ ನೀರಿಗೆ ಎಸೆಯೋ ಚೆಂಡು ಬಂದಿದೆಯಂತೆ, ಮೊಬೈಲಲ್ಲಿ ಮೀನು ತೋರ್ಸುತ್ತಂತೆ, ತಗೋಬೋದಾ? (ಓದುಗರು, ಸಾಗರ)

ಉತ್ತರ: ಸೋನಾರ್ ಅದು, ನೀರೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿದು ತೋರ್ಸುತ್ತೆ, ಕೆಲಸ ಮಾಡುತ್ತೆ. ಲಿಂಗನಮಕ್ಕಿ ಹಿನ್ನೀರಲ್ಲಿ ದೋಣಿ ಮೇಲೆ ಹೋಗೋರಿಗೆ ಎಲ್ಲಿ ಆಳ, ಎಲ್ಲಿ ಮುಳುಗಿದ ಮರದ ಬೊಡ್ಡೆ ಅಂತ ತಿಳಿಯೋಕೆ ಉಪಯೋಗ. ದಡದಲ್ಲಿ ಕೂರೋರಿಗೆ ದಂಡ. ಅಲ್ಲದೆ ಮೀನು ಇದೆ ಅಂತ ಗೊತ್ತಾಗುತ್ತೆ ಹೊರತು ಅದಕ್ಕೆ ಹಸಿವಿದ್ಯಾ ಅಂತ ಗೊತ್ತಾಗಲ್ಲ, ಸ್ಕ್ರೀನಲ್ಲಿ ಕಾಣ್ತಾ ಇದ್ದೂ ಕಚ್ಚದೆ ಇದ್ರೆ ಹೊಟ್ಟೆ ಉರಿ ಇನ್ನೂ ಜಾಸ್ತಿ.

ಪ್ರಶ್ನೆ: ನಮ್ಮದು ಕೊಡಗು, ಮನೆಯಲ್ಲಿ ಕೋವಿ ಉಂಟು, ಲೈಸೆನ್ಸ್ ವಿನಾಯಿತಿ ಉಂಟು. ತೋಟಕ್ಕೆ ರಾತ್ರಿ ಕಾಡುಹಂದಿ ನುಗ್ತದೆ. ಒಳ್ಳೆ ಸ್ಕೋಪ್, ನೈಟ್ ವಿಷನ್ ತಕೊಳ್ಳುವ ಅಂತ ಇದ್ದೇನೆ, ಯಾವುದು ಒಳ್ಳೇದು? (ಓದುಗರು, ಮಡಿಕೇರಿ ತಾಲ್ಲೂಕು)

ಉತ್ತರ: ಯಾವುದೂ ಬೇಡ. 2029ರ ಅಕ್ಟೋಬರ್ 31ರ ತನಕ ಇರೋ ಆ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಶಿಕಾರಿಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಮಗೂ ಒಂದೇ ನನಗೂ ಒಂದೇ. ಬೆಳೆಗೆ ಹಾನಿ ಮಾಡೋ ಪ್ರಾಣಿಯ ವಿಷಯದಲ್ಲಿ ಅರಣ್ಯ ಇಲಾಖೆ ಲಿಖಿತ ಅನುಮತಿ ಇಲ್ದೆ ಕೈ ಹಾಕಿದ್ರೆ ಸ್ಕೋಪಿನ ಬೆಲೆಗಿಂತ ವಕೀಲರ ಫೀಸು ಜಾಸ್ತಿ ಆಗುತ್ತೆ. ಆ ದುಡ್ಡನ್ನ ಸೋಲಾರ್ ಬೇಲಿಗೆ ಹಾಕಿ. ಕೈಲ್‌ಪೋಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಡೋಕೆ ಅಜ್ಜನ ಕೋವಿನೇ ಚೆಂದ. ಕಾಡಿನ ಹುಚ್ಚು ಇದ್ರೆ 8×42 ಬೈನಾಕ್ಯುಲರ್ (8 ಪಟ್ಟು ದೊಡ್ಡದಾಗಿ ತೋರ್ಸೋದು, ಮುಂದಿನ ಗಾಜು 42 ಮಿ.ಮೀ.) ತಗೊಳ್ಳಿ, ಅದರಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಕೊಟ್ರೆ ಮುಸ್ಸಂಜೇಲೂ ಚೆನ್ನಾಗಿ ಕಾಣುತ್ತೆ.

ಪ್ರಶ್ನೆ: ಡಲ್ಲಾಸಲ್ಲಿ ಇದೀನಿ, ಎಚ್-1ಬಿ ವೀಸಾ. ಆಫೀಸಿನೋರು ನವೆಂಬರಲ್ಲಿ ಜಿಂಕೆ ಬೇಟೆಗೆ ಕರೀತಿದಾರೆ, ಒಂದು ಲಿಸ್ಟ್ ಕೊಟ್ಟಿದಾರೆ, ರೈಫಲ್, ಸ್ಕೋಪ್, ಕ್ಯಾಮೊ ಜಾಕೆಟ್ (ಕಾಡಲ್ಲಿ ಬೆರೆತುಹೋಗೋ ಬಣ್ಣದ್ದು), ವಾಸನೆ ತಡೆಯೋ ಸ್ಪ್ರೇ, ಎಲ್ಲಾ ಸೇರಿ ಎರಡೂವರೆ ಸಾವಿರ ಡಾಲರ್. ಇದೆಲ್ಲಾ ಬೇಕಾ? (ಓದುಗರು, ಟೆಕ್ಸಾಸ್)

ಉತ್ತರ: ಅಲ್ಲಿ ಬೇಟೆ ಕಾನೂನುಬದ್ಧ, ಸರಿ. ಆದ್ರೆ ಖರೀದಿಗಿಂತ ಮುಂಚೆ ಒಂದು ಮುಖ್ಯ ವಿಷ್ಯ, ನಿಮ್ಮ ತರದ ವೀಸಾದಲ್ಲಿ ಇರೋರು ಬಂದೂಕು, ಗುಂಡು ಇಟ್ಕೊಳ್ಳೋ ಹಾಗಿಲ್ಲ ಅಂತ ಅಮೆರಿಕದ ಫೆಡರಲ್ ಕಾನೂನು ಇದೆ, ಯಾವುದಾದ್ರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ. ಫ್ರೆಂಡ್ ರೈಫಲ್ಲನ್ನ ಸುಮ್ನೆ ಕೈಲಿ ಹಿಡ್ಕೊಂಡು ಫೋಟೋ ತೆಗೆಸ್ಕೊಳ್ಳೋಕೂ ಮುಂಚೆ ಲೈಸೆನ್ಸ್ ಜೇಬಲ್ಲಿರ್ಲಿ, ವಲಸೆ ವಕೀಲರನ್ನೂ ಒಂದು ಮಾತು ಕೇಳಿ. ಟೆಕ್ಸಾಸಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದೋರಿಗೆ ಹಂಟರ್ ಎಜುಕೇಶನ್ ಕೋರ್ಸೂ ಇದೆ, ಅದನ್ನ ಮಾಡಿ, ಲಿಸ್ಟಲ್ಲಿರೋ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಉಪಯೋಗ.

ಲಿಸ್ಟಲ್ಲಿ ಮೊದ್ಲು ಹೊಡೆದು ಹಾಕ್ಬೇಕಾಗಿರೋದು ದುಬಾರಿ ಕ್ಯಾಮೊ. ಜಿಂಕೆ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ. ಹಾಗಾಗಿ ನೀವು ಹೊಳೆಯೋ ಕಿತ್ತಳೆ ಜಾಕೆಟ್ ಹಾಕ್ಕೊಂಡ್ರೂ ಜಿಂಕೆಗೆ ಗೊತ್ತಾಗಲ್ಲ, ಪಕ್ಕದ ಬೇಟೆಗಾರನಿಗೆ ಗೊತ್ತಾಗುತ್ತೆ, ಬೇಕಾಗಿರೋದೂ ಅದೇ. ಜೀನ್ಸ್ ಪ್ಯಾಂಟ್ ಮಾತ್ರ ಬೇಡ. ಸ್ಪ್ರೇ ಬದಲು ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿ ಕೂರಿ. ರೈಫಲ್ ಮೊದಲ ವರ್ಷ ಜೊತೆಯೋರದ್ದೇ ಎರವಲು ಸಾಕು, ಈಗಿನ ಕಮ್ಮಿ ಬೆಲೆಯ ರೈಫಲ್ಲೂ ನೂರು ಗಜಕ್ಕೆ ಹೊಸಬನ ಕೈಗಿಂತ ನೇರವಾಗೇ ಹೊಡೆಯುತ್ತೆ. ದುಡ್ಡು ಹಾಕೋದಾದ್ರೆ ಬೂಟಿಗೆ, ಬೈನಾಕ್ಯುಲರಿಗೆ, ರೇಂಜಲ್ಲಿ ಪ್ರಾಕ್ಟೀಸ್ ಮಾಡೋ ಗುಂಡಿಗೆ ಹಾಕಿ. ಅಲ್ಲಿ ರೈಫಲ್, ಗುಂಡಿನ ಮೇಲೆ 11 ಪರ್ಸೆಂಟ್ ತೆರಿಗೆ ಇದೆ, 1937ರ ಕಾನೂನಿನ ಪ್ರಕಾರ ಆ ದುಡ್ಡು ವನ್ಯಜೀವಿ ಕೆಲಸಕ್ಕೆ ಅಂತಲೇ ರಾಜ್ಯಗಳಿಗೆ ಹೋಗುತ್ತೆ, 1950ರಿಂದ ಗಾಳದ ಸಾಮಾನಿಗೂ ಅಂಥದ್ದೇ ಒಂದು ತೆರಿಗೆ ಇದೆ. ನಮ್ಮಲ್ಲೂ ರಾಡು ರೀಲು ಮಾರಿದ ದುಡ್ಡಲ್ಲಿ ಒಂದು ಪಾಲು ಕೆರೆ ಹೂಳೆತ್ತೋಕೆ ಹೋಗೋ ಹಾಗಿದ್ರೆ ಬೆಂಗಳೂರಿನೋರಿಗೆ ನಾನೇ ಒತ್ತಿ ಅಂತಿದ್ದೆ.

ಪ್ರಶ್ನೆ: ನಮ್ಮನೆಯವ್ರ ಹತ್ರ ಎಂಟು ರಾಡಿದಾವೆ, ಮನೆಗೆ ಬರೋ ಮೀನು ಮಾತ್ರ ಮಾರ್ಕೆಟ್ಟಿಂದು. ಒಂಬತ್ತನೇದು ನೋಡ್ತಿದಾರೆ. ಏನ್ ಹೇಳ್ಲಿ? (ಓದುಗರು, ದಾವಣಗೆರೆ)

ಉತ್ತರ: ಅಕ್ಕಾ, ಬೇಡ ಅಂದ್ರೆ ಕೇಳಲ್ಲ ಅವರು, ಎರಡು ಮಾರಿ ಒಂದು ತಗೊಳ್ಳಿ ಅನ್ನಿ. ಒಳ್ಳೆ ಕಂಪನಿ ಸಾಮಾನಿಗೆ ಸೆಕೆಂಡ್ ಹ್ಯಾಂಡಲ್ಲೂ ಗಿರಾಕಿ ಇದಾರೆ, ದುಬಾರಿ ಸಾಮಾನಿನ ಒಂದು ಲಾಭ ಅದು. ಮಾರೋ ಮುಂಚೆ ರಾಡಿನ ಪ್ರತಿ ರಿಂಗಿನೊಳಗೂ ಒಂದು ಚೂರು ಹತ್ತಿ ಎಳೆದು ನೋಡಿ, ಎಳೆ ಸಿಕ್ಕಿಹಾಕ್ಕೊಂಡ್ರೆ ಆ ರಿಂಗ್ ಒಡೆದಿದೆ, ದಾರ ಕತ್ತರಿಸುತ್ತೆ, ಅದನ್ನ ಹೇಳೇ ಮಾರಿ. ರೀಲ್ ಕೊಡೋದಾದ್ರೆ ಹಳೇ ದಾರ ಬಿಚ್ಚಿ, ಹಾಗೇ ಕಸಕ್ಕೆ ಹಾಕ್ಬೇಡಿ, ಹಕ್ಕಿ ಕಾಲಿಗೆ ದನದ ಬಾಯಿಗೆ ಸುತ್ತುತ್ತೆ, ಕತ್ತರೀಲಿ ಗೇಣುದ್ದ ತುಂಡು ಮಾಡಿ ಕವರಲ್ಲಿ ಕಟ್ಟಿ ಹಾಕಿ. ಆ ಕೆಲಸ ಅವರ ಕೈಲೇ ಮಾಡ್ಸಿ, ಎಂಟೂ ರೀಲಿಂದು.